ಹರಪನಹಳ್ಳಿ ಯಾವ ಜಿಲ್ಲೆ?

ಹರಪನಹಳ್ಳಿಯ ಹಿರಿಯರನ್ನು ನಿಮ್ಮದು ಯಾವ ಜಿಲ್ಲೆ ಎಂದು ಕೇಳಿ ನೋಡಿ. ಒಂದೇ ಮಾತಲ್ಲಿ ಉತ್ತರ ಸಿಗೋದಿಲ್ಲ. ಇದ್ದ ಮನೆಯಲ್ಲೇ ಇದ್ದು ಅವರು ಬಳ್ಳಾರಿಯವರಾಗಿದ್ದರು, ದಾವಣಗೆರೆಯವರಾದರು, ಮತ್ತೆ ಬಳ್ಳಾರಿಗೆ ಬಂದರು. ಈಗ ವಿಜಯನಗರದವರು.

ಬಳ್ಳಾರಿಗೆ ಇದು ಹೊಸದಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. 1882ರಲ್ಲಿ ಅನಂತಪುರ ಬೇರೆಯಾಯಿತು. 1949ರಲ್ಲಿ ಸಂಡೂರು ಸಂಸ್ಥಾನ ಬಂದು ಸೇರಿತು. ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಉಳಿದ ಏಳು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಆ ಸಂಭ್ರಮದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ದಾಳಿಗೆ ಜೀವ ಕೊಟ್ಟರು. ಬಳ್ಳಾರಿ ಕನ್ನಡದ್ದಾಗಿ ಉಳಿದದ್ದು ಸುಮ್ನೆ ಅಲ್ಲ.

1997ರಲ್ಲಿ ರಾಜ್ಯಕ್ಕೆ ಏಳು ಹೊಸ ಜಿಲ್ಲೆ ಬಂದವು. ರಾಯಚೂರಿನಿಂದ ಕೊಪ್ಪಳ ಬೇರೆಯಾದದ್ದೂ ಆಗಲೇ. ಹರಪನಹಳ್ಳಿ ದಾವಣಗೆರೆಗೆ ಹೋಯಿತು. ಬಳ್ಳಾರಿ ನೂರು ಕಿಲೋಮೀಟರಿಗೂ ಜಾಸ್ತಿ, ದಾವಣಗೆರೆ ಅದರ ಅರ್ಧವೂ ಇಲ್ಲ. ಕಚೇರಿ ಕೆಲಸಕ್ಕೆ ಅನುಕೂಲವೇ ಆಯಿತು.

ಪೆಟ್ಟು ಬಿದ್ದದ್ದು ಆಮೇಲೆ. 2013ರಲ್ಲಿ ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮಕ್ಕಳಿಗೆ ಸರ್ಕಾರಿ ನೌಕರಿ ಮತ್ತು ಕಾಲೇಜು ಸೀಟಿನಲ್ಲಿ ಮೀಸಲಾತಿ ಸಿಕ್ಕಿತು. ಪಕ್ಕದ ಹೂವಿನಹಡಗಲಿಯ ಹುಡುಗಿಗೆ ಅದು ಉಂಟು, ಹರಪನಹಳ್ಳಿಯ ಹುಡುಗಿಗೆ ಇಲ್ಲ. ಅದೇ ಬರ, ಅದೇ ಬಡತನ, ಒಂದು ಕಾಲಕ್ಕೆ ಒಂದೇ ಜಿಲ್ಲೆ. ಇದು ಅನ್ಯಾಯ ಅಲ್ವಾ? ಜನ ಬೀದಿಗಿಳಿದರು. 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಸೇರಿತು. ದೂರವಾದರೂ ಆಗಲಿ, ಮಕ್ಕಳಿಗೆ ದಾರಿಯಾಗಲಿ ಅನ್ನೋದು ಆ ಹೋರಾಟದ ಒಳಗಿನ ಮಾತು.

ಮೂರು ವರ್ಷ ತುಂಬುವ ಮೊದಲೇ, 2021ರ ಫೆಬ್ರವರಿ 8ರಂದು, ವಿಜಯನಗರ 31ನೇ ಜಿಲ್ಲೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಅದರ ಪಾಲಿಗೆ. ಹಂಪಿ ಹೋಯಿತು, ತುಂಗಭದ್ರಾ ಡ್ಯಾಮ್ ಹೋಯಿತು ಎಂದು ಬಳ್ಳಾರಿಯಲ್ಲಿ ಬಂದ್ ಆಯಿತು. ಆ ನೋವು ನನಗೂ ಗೊತ್ತು. ಆದರೆ ಒಂದು ಸಹಿಗಾಗಿ ಹಡಗಲಿಯಿಂದ ಇಡೀ ದಿನ ಬಸ್ಸಿನಲ್ಲಿ ಕಳೆದವರ ಕಷ್ಟ ಅದಕ್ಕಿಂತ ದೊಡ್ಡದು. 371ಜೆ ಹೊಸ ಜಿಲ್ಲೆಯಲ್ಲೂ ಮುಂದುವರಿಯಿತು, ಅದೇ ಸಮಾಧಾನ.

ಬಳ್ಳಾರಿಗೆ ಈಗ ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ ಸೇರಿ ಐದೇ ತಾಲ್ಲೂಕು. ಕಂಪ್ಲಿಗೆ ಬಳ್ಳಾರಿಗಿಂತ ಹೊಸಪೇಟೆಯೇ ಹತ್ತಿರ.