ಹಾಲಿಗೆ ಬಿದ್ದ ಪೊಟ್ಟಣ

ಶಿಡ್ಲಘಟ್ಟದ ನಮ್ಮ ದೊಡ್ಡಮ್ಮ ಭಾನುವಾರ ರಾತ್ರಿ ಮುದ್ದೆ ಉಂಡಾದ ಮೇಲೆ ಒಂದು ಪುಟ್ಟ ಪೊಟ್ಟಣ ಹರಿದು, ಉಗುರುಬೆಚ್ಚಗಿನ ಹಾಲಿಗೆ ಸುರಿದು ಕದಡುತ್ತಾರೆ. 60,000 ಯೂನಿಟ್ ವಿಟಮಿನ್ ಡಿ, ವಾರಕ್ಕೊಂದರಂತೆ ಎಂಟು ವಾರ. ಡಾಕ್ಟರು ಬರೆದುಕೊಟ್ಟದ್ದು ಮೂಳೆನೋವಿಗೆ. ದೊಡ್ಡಮ್ಮನ ಆಸೆಯೇ ಬೇರೆ: "ಇದರಿಂದ ಶುಗರ್ರೂ ಇಳಿಯುತ್ತಂತೆ, ಹೌದೇನೋ?"

ಕೇಳಿದ್ದರಲ್ಲಿ ಹುರುಳಿದೆ. ಮೇದೋಜ್ಜೀರಕದ ಬೀಟಾ ಕೋಶಗಳೂ ಇನ್ಸುಲಿನ್ನನ್ನು ಪುಟ್ಟ ಪುಟ್ಟ ಪೊಟ್ಟಣ ಕಟ್ಟಿಯೇ ಇಟ್ಟುಕೊಂಡಿರುತ್ತವೆ. ಉಂಡ ಮುದ್ದೆ ಗ್ಲೂಕೋಸ್ ಆಗಿ ಕೋಶದೊಳಗೆ ಉರಿದಾಗ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚುತ್ತದೆ, ಕ್ಯಾಲ್ಸಿಯಂ ಬರುವ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ ಮೇಲೇ ಪೊಟ್ಟಣಗಳು ಕೋಶದ ಅಂಚಿಗೆ ಬಂದು ಅಂಟಿ, ಇನ್ಸುಲಿನ್ನನ್ನು ರಕ್ತಕ್ಕೆ ಸುರಿಯುವುದು. ಮೈಯ ಕ್ಯಾಲ್ಸಿಯಂ ಲೆಕ್ಕ ನೋಡಿಕೊಳ್ಳುವುದು ಡಿ. ಸಾಲದ್ದಕ್ಕೆ ಬೀಟಾ ಕೋಶದಲ್ಲೇ ಡಿ ಬಂದು ಕೂರುವ ಗ್ರಾಹಕಗಳಿವೆ. ಡಿ ಇಲ್ಲದೆ ಬೆಳೆಸಿದ ಇಲಿಗಳ ಮೇದೋಜ್ಜೀರಕ ಇನ್ಸುಲಿನ್ ಸುರಿಸಲು ಸೋಲುತ್ತದೆ ಎಂಬುದು 1980ರಲ್ಲೇ ಗೊತ್ತಾಗಿತ್ತು.

ಆದರೆ ಇಲಿಗೆ ಕೊರತೆ ಇತ್ತು ಅನ್ನುವುದನ್ನು ಮರೆಯಬಾರದು. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,000 ಯೂನಿಟ್ ಡಿ, ಉಳಿದವರಿಗೆ ಬರೀ ತೋರಿಕೆಯ ಗುಳಿಗೆ ಕೊಟ್ಟು ಸುಮಾರು ಎರಡೂವರೆ ವರ್ಷ ಕಾದರು. 2019ರಲ್ಲಿ ಫಲಿತಾಂಶ ಬಂತು: ಡಿ ನುಂಗಿದವರಲ್ಲಿ 293 ಜನಕ್ಕೆ, ನುಂಗದವರಲ್ಲಿ 323 ಜನಕ್ಕೆ ಕಾಯಿಲೆ. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದೀತು. ಅವರಲ್ಲಿ ಹೆಚ್ಚಿನವರಿಗೆ ಡಿ ಮೊದಲೇ ಸಾಕಷ್ಟಿತ್ತು. ತುಂಬಿದ ಕೊಡಕ್ಕೆ ನೀರು ಹೊಯ್ದಂತಾಯಿತು.

ದೊಡ್ಡಮ್ಮನ ಕೊಡ ಬರಿದಾದದ್ದು ಹೇಗೆ? ಊರಲ್ಲಿ ಬಿಸಿಲಿಗೇನು ಬರ. ಆದರೆ ಅವರು ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದ್ದು ಶೀಟಿನ ಸೂರಿನಡಿ, ಗೂಡು ಬೇಯುವ ಹಬೆಯಲ್ಲಿ. ಬೆಳಿಗ್ಗೆ ಎಳೆಬಿಸಿಲಿಗೆ ಕೂರುತ್ತಿದ್ದರಂತೆ. ಹಿತವೇನೋ ಹೌದು, ಆದರೆ ಚರ್ಮದಲ್ಲಿ ಡಿ ಹುಟ್ಟಿಸುವ ಕಿರಣ ಆ ಹೊತ್ತಿನಲ್ಲಿ ತೀರಾ ಕಮ್ಮಿ. ಅದು ಇಳಿಯುವುದು ನಡುಹಗಲಿನ ಆಸುಪಾಸಿನಲ್ಲಿ.

ಹಾಗಾಗಿ ಎಂಟು ಪೊಟ್ಟಣ ಅವರ ಮೂಳೆಗೆ ಬೇಕೇ ಬೇಕು. ಒಂಬತ್ತನೆಯದನ್ನು ಪಕ್ಕದ ಮನೆಯಿಂದ ಇಸಿದುಕೊಳ್ಳುವುದು ಬೇಡ ಅಂದೆ. ಡಿ ಕೊಬ್ಬಿನಲ್ಲಿ ಉಳಿಯುವಂಥದ್ದು, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತು. ಶುಗರ್ ಮಾತ್ರೆ ನಿಲ್ಲಿಸಬೇಡಿ ಅಂತಲೂ ಹೇಳಿದೆ.

"ನಿಲ್ಲಿಸಿದೆ ಅಂತ ಯಾರಂದ್ರು?" ಅಂದರು. ಮಾತಿನ ನಡುವೆ ಅದೇ ಹಾಲಿಗೆ ಎರಡು ಚಮಚ ಸಕ್ಕರೆ ಬಿತ್ತು.