ಅಜ್ಜ ಇಸವಿ ತಪ್ಪು ಹೇಳ್ತಾರೆ, ರೆಕಾರ್ಡ್ ಮಾಡಿ ಏನುಪಯೋಗ?

ಪ್ರಶ್ನೆ: ನಮ್ಮಜ್ಜ ಯುದ್ಧದಲ್ಲಿದ್ದೋರು. ಈಗ ಇಸವಿ, ಊರಿನ ಹೆಸರು ಎಲ್ಲಾ ಕಲಸುಮೇಲೋಗರ ಆಗಿದೆ, ಅದೇ ಕಥೆನ ಒಂದೊಂದ್ಸಲ ಒಂದೊಂದು ಥರ ಹೇಳ್ತಾರೆ. ಇದನ್ನ ರೆಕಾರ್ಡ್ ಮಾಡಿಟ್ಟು ಪ್ರಯೋಜನ ಇದ್ಯಾ?

ಉತ್ತರ: ಇದೆ. ಈ ವಾರವೇ ಮಾಡಿ. ಈ ಪ್ರಶ್ನೆಗೆ ಎಷ್ಟನೇ ಸಲ ಬರೀತಿದೀನೋ ಲೆಕ್ಕ ಇಡೋದೇ ಬಿಟ್ಟಿದೀನಿ, ಪ್ರತಿ ಸಲ ಒಂದೇ ಉತ್ತರ, ಮತ್ತೆ ಪ್ರತಿ ಸಲ ಯಾರೋ ಒಬ್ರು "ನೋಡೋಣ, ಹಬ್ಬಕ್ಕೆ ಎಲ್ಲರೂ ಸೇರ್ದಾಗ ಮಾಡೋಣ" ಅಂತಾರೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ 18 ವರ್ಷ ಆಗಿದ್ದೋರು ಹುಟ್ಟಿದ್ದು 1927ರಲ್ಲಿ. ಮಿಕ್ಕ ಲೆಕ್ಕ ನೀವೇ ಹಾಕ್ಕೊಳ್ಳಿ.

ಈಗ ಆ "ನೆನಪು ತಪ್ಪಾದ್ರೆ ಹೇಳಿದ್ದೆಲ್ಲಾ ದಂಡ" ಅನ್ನೋ ಮಾತಿಗೆ ಬರ್ತೀನಿ, ಅದನ್ನ ಕೇಳಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. 1944ರ ಅಕ್ಟೋಬರ್ 7ರಂದು ನಾಜಿಗಳು ಯಹೂದಿಗಳನ್ನ ಕೂಡಿಹಾಕಿ ಕೊಲ್ತಿದ್ದ ಆಶ್‌ವಿಟ್ಜ್ ಕ್ಯಾಂಪಲ್ಲಿ ಹೆಣ ಸುಡೋ ಕೆಲಸಕ್ಕೆ ಹಾಕಿದ್ದ ಯಹೂದಿ ಕೈದಿಗಳು ದಂಗೆ ಎದ್ರು, ಅದಕ್ಕೆ ಬೇಕಾದ ಮದ್ದಿನಪುಡಿನ ಅಲ್ಲಿನ ಮದ್ದುಗುಂಡಿನ ಫ್ಯಾಕ್ಟರಿಲಿ ದುಡೀತಿದ್ದ ಹೆಣ್ಮಕ್ಕಳು ಚೂರು ಚೂರಾಗಿ ಕದ್ದು ಸಾಗಿಸಿದ್ರು. ಎಷ್ಟೋ ವರ್ಷ ಆದ್ಮೇಲೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೀಡಿಯೊ ಸಂಗ್ರಹಕ್ಕೆ ಮಾತಾಡ್ತಾ, ಅಲ್ಲಿ ಬದುಕುಳಿದಿದ್ದ ಒಬ್ಬ ಹೆಂಗಸು ಹೆಣ ಸುಡೋ ಕಟ್ಟಡಗಳ ನಾಲ್ಕು ಹೊಗೆ ಚಿಮಣಿ ಸಿಡಿದು ಉರಿದಿದ್ದನ್ನ ಕಣ್ಣಾರೆ ನೋಡ್ದೆ ಅಂದ್ರು. ಇತಿಹಾಸಕಾರರು ಏನಂದ್ರು? ಉರುಳಿದ್ದು ಒಂದೇ ಚಿಮಣಿ, ಹಾಗಾಗಿ ಈಕೆ ಮಾತನ್ನ ನಂಬೋಕಾಗಲ್ಲ ಅಂದ್ರು. ಆಕೆನ ಮಾತಾಡಿಸಿದ್ದ ಮನೋವೈದ್ಯ ಡೋರಿ ಲೌಬ್ ಮಾತ್ರ ಒಪ್ಲಿಲ್ಲ. ಲೌಬ್ ಕೂಡ ಚಿಕ್ಕ ವಯಸ್ಸಲ್ಲಿ ಇಂಥದ್ದನ್ನೇ ದಾಟಿ ಬಂದೋರು. ಅವರ ವಾದ ಇಷ್ಟೇ, ಆಕೆ ಹೇಳ್ತಿದ್ದಿದ್ದು ಚಿಮಣಿ ಲೆಕ್ಕ ಅಲ್ಲ, ದಂಗೆ ಅನ್ನೋದನ್ನ ಕನಸಲ್ಲೂ ನೆನೆಸೋಕಾಗದ ಜಾಗದಲ್ಲಿ ದಂಗೆ ಆಯ್ತು ಅನ್ನೋದನ್ನ. ಚಿಮಣಿ ಎಷ್ಟು ಅಂತ ಬೇರೆ ಕಡೆ ಹುಡುಕ್ಕೋಬಹುದು ಸ್ವಾಮಿ, ಅದನ್ನ ನೋಡ್ತಾ ನಿಂತೋರ ಎದೆ ಹೇಗೆ ಹೊಡ್ಕೊಳ್ತು ಅನ್ನೋದು ಯಾವ ರಿಜಿಸ್ಟರಲ್ಲಿ ಸಿಗುತ್ತೆ?

ಮತ್ತೆ ರಿಜಿಸ್ಟರ್ ಅಂದ್ರೆ ದೇವರ ವಾಕ್ಯನೂ ಅಲ್ಲ. 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಸಲ್ಲಿದ್ದ ಸೇನಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಫೈಲು ಬೂದಿಯಾಯ್ತು. ಬ್ರಿಟನ್ನಲ್ಲಿ ಮೊದಲನೇ ಮಹಾಯುದ್ಧದ ಸೈನಿಕರ ಫೈಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಗೆ ಸುಟ್ಟುಹೋದ್ವು. ಇನ್ನು "ಎಲ್ಲಾ ಸರ್ಕಾರಿ ಕಡತದಲ್ಲಿ ಇರುತ್ತಲ್ಲ" ಅಂತ ನಂಗೆ ಹೇಳ್ಬೇಡಿ.

ಅದಕ್ಕೇ ಹೇಳೋದು, ಅಜ್ಜ ಮಾತಾಡ್ತಿದ್ದಾಗ ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ಇಸವಿ ತಪ್ಪಿದ್ರೆ ಬೇರೆ ಹಾಳೆಲಿ ಬರೆದಿಡಿ, ರೆಕಾರ್ಡಿಂಗ್ ಮಾತ್ರ ಕತ್ತರಿಸದೆ ಹಾಗೇ ಇರಲಿ, ಎರಡು ಮೂರು ಕಡೆ ಕಾಪಿ ಇರಲಿ. ಶುರುವಲ್ಲೇ ಯಾರು, ಯಾವ ದಿನ, ಎಲ್ಲಿ ಅಂತ ನಿಮ್ಮ ದನಿಯಲ್ಲೇ ಹೇಳಿಬಿಡಿ. "ಯುದ್ಧ ಹೇಗಿತ್ತು" ಅಂತ ಕೇಳಿದ್ರೆ "ಹೂಂ, ಕಷ್ಟ ಇತ್ತು" ಅಂತ ಮುಗಿಸ್ತಾರೆ, ಅದರ ಬದಲು ಬೂಟು ಕಚ್ತಿತ್ತಾ, ರಾತ್ರಿ ಎಲ್ಲಿ ಮಲಗ್ತಿದ್ರಿ, ಮನೆಯಿಂದ ಕಾಗದ ಬಂದ್ರೆ ಯಾರು ಓದ್ತಿದ್ರು ಅಂತ ಕೇಳಿ. ಅವರು ಸುಮ್ಮನಾದ್ರೆ ನೀವೂ ಸುಮ್ಮನಿರಿ. ಬೇಡ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಅದು ಅವರ ನೆನಪು, ನಿಮ್ಮ ಪ್ರಾಜೆಕ್ಟ್ ಅಲ್ಲ.

ಇನ್ನೊಂದು ವಿಷ್ಯ, ನೀವು ಕೇಳಿಲ್ಲ, ಯಾರೂ ಕೇಳಲ್ಲ. ಅಜ್ಜಿನ ಯಾಕೆ ಬಿಟ್ರಿ? "ನಾನೇನು ಯುದ್ಧ ಮಾಡಿದ್ನಾ" ಅಂತಾರಲ್ಲ, ಅದನ್ನ ನಂಬಿಬಿಟ್ರಾ? ಮೊದಲನೇ ಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಫ್ಯಾಕ್ಟರಿಗಳಲ್ಲಿ ಟಿಎನ್‌ಟಿ ಅನ್ನೋ ಸ್ಫೋಟಕ ಮುಟ್ಟಿ ಮುಟ್ಟಿ ಹೆಂಗಸರ ಮೈ ಹಳದಿ ತಿರುಗ್ತಿತ್ತು, ಜನ ಅವರನ್ನ ಹಳದಿ ಬಣ್ಣದ ಕ್ಯಾನರಿ ಹಕ್ಕಿ ಅಂತ ಕರೀತಿದ್ರು. ಎರಡನೇ ಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿ ಬಿಡಿಸ್ತಿದ್ದ ಬ್ರಿಟನ್ನಿನ ಗುಪ್ತ ಕೇಂದ್ರ ಬ್ಲೆಚ್ಲಿ ಪಾರ್ಕಲ್ಲಿ ಮುಕ್ಕಾಲು ಪಾಲು ಹೆಂಗಸರೇ, ಗುಟ್ಟು ಹೊರಗೆ ಬಂದಿದ್ದು 1970ರ ದಶಕದಲ್ಲಿ, ಅಷ್ಟು ವರ್ಷ ಎಷ್ಟೋ ಜನ ಗಂಡನಿಗೂ ಬಾಯಿ ಬಿಟ್ಟಿರ್ಲಿಲ್ಲ. ಗಂಡಸರಲ್ಲೂ ಹೀಗೇ, 1943ರ ಡಿಸೆಂಬರ್‌ನಿಂದ ಬ್ರಿಟನ್ನಲ್ಲಿ ಸೇನೆಗೆ ಸೇರ್ಬೇಕಿದ್ದ ಹುಡುಗರಲ್ಲಿ ಕೆಲವರನ್ನ ಚೀಟಿ ಎತ್ತಿ ಕಲ್ಲಿದ್ದಲು ಗಣಿಗೆ ಇಳಿಸಿದ್ರು, ಯೂನಿಫಾರ್ಮ್ ಇಲ್ಲ, ಪದಕ ಇಲ್ಲ, ಬೀದಿಲಿ ಹೋದ್ರೆ ಹೇಡಿ ಅನ್ನಿಸ್ಕೋಬೇಕಿತ್ತು.

ಅಜ್ಜನ ರೆಕಾರ್ಡಿಂಗ್ ಕೇಳಿ ನೋಡಿ, ಒಳಗಿನ ಕೋಣೆಯಿಂದ "ಅಯ್ಯೋ, ಅದು ಆ ವರ್ಷ ಅಲ್ಲ" ಅಂತ ಒಂದು ದನಿ ಬಂದೇ ಬರುತ್ತೆ. ಮುಂದಿನ ವಾರ ಫೋನು ಆ ಕೋಣೆಗೆ ಹೋಗ್ಲಿ.