ಮೋಟಾರಿಗೆ ನಿದ್ದೆಯಿಲ್ಲ

ಹೊಳಲ್ಕೆರೆ ಕಡೆಯ ನಮ್ಮೂರಿನಲ್ಲಿ ಚಿಕ್ಕಪ್ಪ ರಾತ್ರಿ ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದೇ ಆ ಹೊತ್ತಿಗೆ. ಮೋಟಾರು ಹಾಕುವುದು, ಸನಿಕೆ ಹಿಡಿದು ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದರದ್ದು ಬಿಚ್ಚುವುದು, ಹಾವು ಚೇಳಿಗೆ ಹೆದರುತ್ತಾ ಅಡಿಕೆಗೆ ನೀರು ಕಟ್ಟುವುದು, ಮೈ ಸೋತಾಗ ಮೋಟಾರು ಆರಿಸಿ ಬಂದು ಮಲಗುವುದು. ಈಗ ತೋಟಕ್ಕೆಲ್ಲ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ ಡ್ರಿಪ್ ಇದೆ, ಮೋಟಾರಿಗೆ ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂದರೆ ತಾನೇ ಶುರು, ಹೋದರೆ ತಾನೇ ಬಂದ್. "ನಾನೀಗ ಏಳಂಗೇ ಇಲ್ಲ ಕಣಪ್ಪ, ಅದೇ ಏಳ್ತೈತೆ" ಎನ್ನುತ್ತಾರೆ ಚಿಕ್ಕಪ್ಪ.

ಅರವತ್ತು ದಾಟಿದ ಮನುಷ್ಯ ರಾತ್ರಿಯಿಡೀ ಮಲಗುವುದೆಂದರೆ ಸಣ್ಣ ಮಾತಲ್ಲ. ಬದುಕು ಸುಧಾರಿಸಿತೇ ಎಂದು ಕೇಳಿದರೆ ಈ ಒಂದು ವಿಷಯದಲ್ಲಿ ನಾನು ಕಣ್ಣುಮುಚ್ಚಿ ಹೌದೆನ್ನುತ್ತೇನೆ. ತಕರಾರು ಇರುವುದು ನೀರಿನ ಲೆಕ್ಕದಲ್ಲಿ.

ಬೇಸಿಗೆಯಲ್ಲಿ ಅಡಿಕೆ ಗಿಡವೊಂದಕ್ಕೆ ನಾಲ್ಕೈದು ದಿನಕ್ಕೊಮ್ಮೆ ಸುಮಾರು 200 ಲೀಟರ್ ನೀರು ಹಾಯಿಸಬೇಕೆಂಬುದು ಹಳೆಯ ಶಿಫಾರಸು. ದಿನಕ್ಕೆ 45 ಲೀಟರ್ ಎಂದಿಟ್ಟುಕೊಳ್ಳಿ. ಡ್ರಿಪ್‌ನಲ್ಲಾದರೆ 16ರಿಂದ 20 ಲೀಟರ್ ಸಾಕು. ಒಂಬತ್ತು ಅಡಿಗೊಂದು ಗಿಡದಂತೆ ಎಕರೆಗೆ ಸುಮಾರು 540 ಗಿಡ. ಹಾಯಿಸುವ ನೀರಿನಲ್ಲಿ ಎರಡು ಎಕರೆಗೆ ದಿನಕ್ಕೆ 48 ಸಾವಿರ ಲೀಟರ್ ಚಿಲ್ಲರೆ ಬೇಕು. ಡ್ರಿಪ್‌ನಲ್ಲಿ ಅಷ್ಟೇ ನೀರಿಗೆ ಐದು ಎಕರೆ ತೋಟ ನಡೆಯುತ್ತದೆ. ಚಿಕ್ಕಪ್ಪ ಮಾಡಿದ್ದೂ ಅದನ್ನೇ. ನೀರು ಉಳಿಯಿತೆಂದು ಪಕ್ಕದ ಮೆಕ್ಕೆಜೋಳದ ಹೊಲಕ್ಕೂ ಅಡಿಕೆ ಸಸಿ ಇಟ್ಟರು. ಯಾರಿದ್ದರೂ ಇಡುತ್ತಿದ್ದರು, ಅಡಿಕೆಯ ರೇಟು ಹಾಗಿತ್ತು.

ಎತ್ತುವ ನೀರು ಅಷ್ಟೇ ಆದ ಮೇಲೆ ನಷ್ಟವೇನು? ಇಲ್ಲೊಂದು ಗುಟ್ಟಿದೆ. ಮಡಿಯಲ್ಲಿ ನಿಂತ ನೀರಿನಲ್ಲಿ ಒಂದಿಷ್ಟು ಆವಿಯಾಗುತ್ತಿತ್ತು ನಿಜ, ಒಂದಿಷ್ಟು ಬೇರಿನಾಚೆಗೆ ಇಳಿದು ನೆಲದಡಿಗೆ ಸೇರುತ್ತಿತ್ತು. 'ಪೋಲು' ಎಂದು ನಾವು ಬೈಯುತ್ತಿದ್ದ ಆ ನೀರು ಯಾರದೋ ಬಾವಿಯ ಒರತೆಯಾಗಿತ್ತು. ಡ್ರಿಪ್‌ನ ಹನಿ ನೇರ ಬೇರಿಗೆ ಹೋಗಿ, ಎಲೆಯಿಂದ ಆವಿಯಾಗಿ ಆಕಾಶ ಸೇರುತ್ತದೆ. ಐದು ಎಕರೆ ಗರಿಗಳು ಬೆವರುವ ನೀರು ಎರಡು ಎಕರೆಯದ್ದಕ್ಕಿಂತ ಜಾಸ್ತಿಯೇ. ಹಾಗಾಗಿ ಮೋಟಾರು ಮೊದಲಿನಷ್ಟೇ ಓಡಿದರೂ ನೆಲಕ್ಕೆ ವಾಪಸ್ಸಾಗುವ ಪಾಲು ಕರಗಿಹೋಗುತ್ತದೆ.

ಉಳಿಸಲು ಹೋದರೆ ಬಳಕೆಯೇ ಹೆಚ್ಚುವ ಈ ವಿಚಿತ್ರವನ್ನು ಮೊದಲು ಗುರುತಿಸಿದ್ದು ನೀರಿನಲ್ಲಲ್ಲ, ಕಲ್ಲಿದ್ದಲಿನಲ್ಲಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಬರೆದ ಪ್ರಕಾರ, ಒಂದು ಟನ್ ಕಬ್ಬಿಣ ತಯಾರಿಸಲು ಬೇಕಾಗುವ ಕಲ್ಲಿದ್ದಲು ಮೂರನೇ ಒಂದಕ್ಕಿಂತ ಕಡಿಮೆಗೆ ಇಳಿದ ಮೇಲೆ ಸ್ಕಾಟ್ಲೆಂಡಿನಲ್ಲಿ 1830ರಿಂದ 1863ರೊಳಗೆ ಅದರ ಒಟ್ಟು ಬಳಕೆ ಹತ್ತು ಪಟ್ಟಾಯಿತು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸಿದರು, ಅಷ್ಟೇ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಸಹಾಯಧನ ಕೊಟ್ಟು ನೀರುಳಿಸುವ ಸ್ಪ್ರಿಂಕ್ಲರ್ ಹಾಕಿಸಿದಾಗಲೂ ಅಂತರ್ಜಲ ಎತ್ತುವುದು ಹೆಚ್ಚಿತೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅಷ್ಟು ದೂರ ಯಾಕೆ, ಮಿಕ್ಸಿ ಬಂದ ಮೇಲೆ ನಮ್ಮಮ್ಮನ ಅಡುಗೆಮನೆ ಕೆಲಸವೇನು ಕಡಿಮೆಯಾಯಿತೇ? ಹಬ್ಬಕ್ಕೆ ಮಾಡುತ್ತಿದ್ದ ದೋಸೆಯನ್ನು ನಾವು ವಾರಕ್ಕೆ ಮೂರು ಸಲ ಕೇಳತೊಡಗಿದೆವು.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಈ ಆಟ ಹೆಚ್ಚು ದಿನ ನಡೆಯದು. ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಶಿಥಿಲವಾದ ಮೇಲ್ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಮಳೆಯ ಮಾತೋ, ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಕಪಿಲೆ ಬಾವಿಯ ಕಾಲದಲ್ಲಿ ಎತ್ತು ಸೋತರೆ ನೀರೆತ್ತುವುದು ನಿಲ್ಲುತ್ತಿತ್ತು. ಆಮೇಲೆ ಚಿಕ್ಕಪ್ಪನ ನಿದ್ದೆ ಆ ಕೆಲಸ ಮಾಡುತ್ತಿತ್ತು. ಆಯಾಸವೇ ನೀರಿಗೆ ಹಾಕಿದ ಬ್ರೇಕು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗ ಪಂಪ್‌ಸೆಟ್ ಕರೆಂಟಿಗೆ ಬಿಲ್ಲಿಲ್ಲ, ಏಳುವ ಕಷ್ಟವಿಲ್ಲ. ತೋಟಕ್ಕೆ ಸಾಕಾದ ಮೇಲೂ ಮೋಟಾರು ಓಡುತ್ತದೆ. ಮಳೆ ಬಿದ್ದ ರಾತ್ರಿಯೂ ಓಡಿದ್ದನ್ನು ನಾನೇ ಕೇಳಿದ್ದೇನೆ.

ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪ ರೇಗಿದರು. "ಹಂಗಾದ್ರೆ ಡ್ರಿಪ್ ಕಿತ್ತಾಕ್ಲಾ? ಮತ್ತೆ ನಡುರಾತ್ರಿ ಸನಿಕೆ ಹಿಡಿಲಾ?" ನಾನೇನು ಹೇಳಲಿ, ಸನಿಕೆ ಹಿಡಿದವನಲ್ಲ. ಸ್ಟಾರ್ಟರ್‌ಗೆ ಒಂದು ಟೈಮರ್ ಹಾಕಿಸೋಣವೆಂದೆ. "ನಾನು ಬಿಟ್ಟಿದ್ದನ್ನ ಪಕ್ಕದ ಬೋರು ಎಳ್ಕಂತೈತೆ" ಎಂದರು. ಅದು ಸುಳ್ಳಲ್ಲ, ಅಕ್ಕಪಕ್ಕದ ಬೋರುಗಳು ಒಂದೇ ಬಿರುಕಿನ ನೀರು ಕುಡಿಯುತ್ತಿರಬಹುದು. ಆದರೂ ಹಾಕಿಸಿದರು, ಮೂರು ಗಂಟೆ ಓಡಿ ನಿಲ್ಲುವಂತೆ.

ಕಳೆದ ತಿಂಗಳು ಹೋದಾಗ ಅಂಗಳದಲ್ಲಿ ಮಲಗಿದ್ದೆವು. ಸ್ಟಾರ್ಟರ್ ಟಕ್ ಎಂದು ಬಿದ್ದು, ತೊಟ್ಟಿಗೆ ಬೀಳುತ್ತಿದ್ದ ನೀರಿನ ಸದ್ದು ನಿಂತಿತು. ಪಕ್ಕದ ತೋಟದ್ದು ಇನ್ನೂ ಬೀಳುತ್ತಿತ್ತು. ಚಿಕ್ಕಪ್ಪನಿಗೆ ಎಚ್ಚರವಿತ್ತು. "ನಾಳೆ ಅವನ್ನೂ ಕೇಳ್ತೀನಿ" ಎಂದು ಮಗ್ಗುಲಾದರು.